ಕಾಫಿ ಖರೀದಿ ಲೆಕ್ಕಕ್ಕೆ ಎಸ್‌ಕ್ಯೂಎಲ್ ಸರ್ವರ್

ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಕಾಫಿ ಖರೀದಿ ಅಂಗಡಿಗೆ ಲೆಕ್ಕ ಇಡಲು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2022ರ ಎಕ್ಸ್‌ಪ್ರೆಸ್ ಆವೃತ್ತಿ ಸಾಕು. ಉಚಿತ, ಒಂದು ಡೇಟಾಬೇಸಿಗೆ 10 ಜಿಬಿ ಮಿತಿ.

ಟೇಬಲ್ ಮಾಡುವಾಗ ತೂಕಕ್ಕೆ ಡೆಸಿಮಲ್ (10,3), ಅಂದರೆ ಒಟ್ಟು 10 ಅಂಕಿ, ಅದರಲ್ಲಿ ಬಿಂದುವಿನ ನಂತರ 3; ಹಣಕ್ಕೆ ಡೆಸಿಮಲ್ (12,2) ಇಡಿ. ಸಂಖ್ಯೆಯನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡವೇ ಬೇಡ: ಅದರಲ್ಲಿ 0.1 ಕರಾರುವಾಕ್ಕಾಗಿ ಉಳಿಯುವುದಿಲ್ಲ. ಸಾವಿರಾರು ಚೀಟಿ ಕೂಡಿದಾಗ ಪೈಸೆ ತಪ್ಪಬಹುದು, ಬೆಳೆಗಾರರಿಗೆ ಉತ್ತರ ಹೇಳಬೇಕಾದವರು ನೀವೇ. 50 ಕೆಜಿ ಚೀಲದ ಚೆರಿಗೆ (ಒಣಗಿಸಿದ ಕಾಫಿ ಹಣ್ಣು) ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದಾಗ ಸಿಗುವ ಬೀಜ, 26 ಕೆಜಿ ಬಂದರೆ ಅದನ್ನೂ ಅದೇ ಸಾಲಿನಲ್ಲಿ ದಾಖಲಿಸಿ. ದರ ನಿಲ್ಲುವುದೇ ಅದರ ಮೇಲೆ.

ತೂಕದ ಚೀಟಿ, ಪಾವತಿ, ದಾಸ್ತಾನು ಮೂರನ್ನೂ ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎನ್ನುವ ಗುಂಪು) ಒಳಗೆ ಬರೆಸಿ. ಕಮಿಟ್ ಆಗುವ (ಖಾಯಂ ಆಗಿ ಉಳಿಯುವ) ಮೊದಲೇ ಕರೆಂಟು ಹೋದರೆ ಮೂರೂ ರದ್ದಾಗುತ್ತವೆ, ಅರ್ಧಂಬರ್ಧ ಲೆಕ್ಕ ಉಳಿಯುವುದಿಲ್ಲ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೂ ಯುಪಿಎಸ್ ಇರಲಿ.

ಎಕ್ಸ್‌ಪ್ರೆಸ್‌ನಲ್ಲಿ ನಿಗದಿತ ಹೊತ್ತಿಗೆ ತಾನೇ ಕೆಲಸ ಓಡಿಸುವ ಏಜೆಂಟ್ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯೂಎಲ್‌ಸಿಎಂಡಿ (ಸರ್ವರ್‌ಗೆ ಆದೇಶ ಕೊಡುವ ಸಲಕರಣೆ) ಓಡಿಸಿ, ರಾತ್ರಿ 9ಕ್ಕೆ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂಬ ಪರೀಕ್ಷೆ) ಸಮೇತ ಫುಲ್ ಬ್ಯಾಕಪ್ ತೆಗೆಸಿ. ಪ್ರತಿ ಬದಲಾವಣೆಯ ದಾಖಲೆ (ಲಾಗ್) ಎಷ್ಟು ಕಾಲ ಇಡಬೇಕೆಂದು ಹೇಳುವ ರಿಕವರಿ ಮಾಡೆಲ್ ಅನ್ನು 'ಫುಲ್' ಇಟ್ಟು ಲಾಗ್ ಬ್ಯಾಕಪ್ ಮರೆತರೆ, ಲಾಗ್ ಇರುವ ಎಲ್‌ಡಿಎಫ್ ಫೈಲು ಡಿಸ್ಕ್ ತುಂಬುವವರೆಗೂ ಬೆಳೆದು, ಲಾಗ್ ತುಂಬಿದೆ ಎನ್ನುವ 9002 ದೋಷ ಬಂದು ಬಿಲ್ಲಿಂಗ್ ನಿಲ್ಲುತ್ತದೆ. ಒಂದು ದಿನದ ಚೀಟಿಗಳನ್ನು ಮತ್ತೆ ಟೈಪ್ ಮಾಡಬಲ್ಲಿರಾದರೆ ಲಾಗ್ ಬ್ಯಾಕಪ್ ಬೇಡದ 'ಸಿಂಪಲ್' ಮಾಡೆಲ್ ಸಾಕು. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಆ ದಿನದ ಒಟ್ಟು ಚೀಲ ತಾಳೆ ನೋಡಿ.