ಮೂತ್ರದ ಕ್ಯಾನ್‌ನಿಂದ ಜೀನ್‌ವರೆಗೆ: ನನ್ನ ಅನುಭವ

ಫಿಯೋಕ್ರೋಮೋಸೈಟೋಮಾ (ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಗೆಡ್ಡೆ, ಕೆಲವರಿಗೆ ಜೀನ್ ದೋಷದಿಂದ ಬರುತ್ತದೆ) ಅಂದರೆ ನೇರ ಜೀನ್ ಪ್ಯಾನೆಲ್‌ಗೆ, ಅಂದರೆ ಹಲವು ಜೀನ್ ಒಟ್ಟಿಗೆ ಓದುವ ಪರೀಕ್ಷೆಗೆ, ಕಳಿಸಿಬಿಡಿ, ಮೂತ್ರ ನೋಡಿ ಜೀನ್ ಹೇಳೋಕಾಗಲ್ಲ. ಪುಣೆಯ ನಮ್ಮ ಲ್ಯಾಬ್‌ನಲ್ಲಿ ಎಲ್ಲರದ್ದೂ ಇದೇ ಮಾತು. ನಾನು ಒಪ್ಪಲಿಲ್ಲ. ಪ್ಯಾನೆಲ್‌ಗೆ ಆಗ 25 ಸಾವಿರದ ಹತ್ತಿರ ಆಗುತ್ತಿತ್ತು. ಪಿಂಪ್ರಿಯಲ್ಲಿ ಫಿಟ್ಟರ್ ಆಗಿರುವ ನಮ್ಮ ಗದಗ ಕಡೆಯ ಹುಡುಗ ಅಷ್ಟು ದುಡ್ಡು ಎಲ್ಲಿಂದ ತರಬೇಕು?

ಮೊದಲ ವರ್ಷ ಬರೀ ಸೋಲು. 24 ಗಂಟೆಯ ಮೂತ್ರ ಅಂದರೂ ಡ್ಯೂಟಿ ಹೊತ್ತಿನದ್ದು ಕ್ಯಾನ್‌ಗೆ ಬರುತ್ತಲೇ ಇರಲಿಲ್ಲ. ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುವ ಕ್ರಿಯಾಟಿನಿನ್ ನೋಡಿದರೆ ಗೊತ್ತಾಗುತ್ತಿತ್ತು. ಒಬ್ಬ ಅಜ್ಜಿ, "ಒಳಗೆ ಏನೋ ನೀರಿತ್ತು, ಚೆನ್ನಾಗಿ ತೊಳೆದು ತಂದೀನಿ" ಅಂದರು. ಅದು ಮೂತ್ರ ಕೆಡದಿರಲಿ ಅಂತ ನಾವು ಹಾಕಿಕೊಟ್ಟ ಆಸಿಡ್! ಹಳೆಯ ಎಚ್‌ಪಿಎಲ್‌ಸಿಯಲ್ಲಿ (ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಪ್ಯಾರಾಸಿಟಮಾಲ್ ಬೇರೆ, ನಾರ್‌ಅಡ್ರಿನಲಿನ್ ಹಾರ್ಮೋನು ಒಡೆದು ಬರುವ ನಾರ್‌ಮೆಟಾನೆಫ್ರಿನ್‌ನ ಪೀಕಿಗೇ ಅಡ್ಡ ಬರುತ್ತಿತ್ತು. ಅಣುವಿನ ತೂಕ ನೋಡಿ ಗುರುತಿಸುವ ಮಾಸ್ ಸ್ಪೆಕ್‌ಗೆ ಹೋದ ಮೇಲೂ ಎರಡು ಕಾಲಂ (ಬೇರ್ಪಡಿಸುವ ಕೊಳವೆ) ಹಾಳಾದವು. ಲಕ್ಷದ ಹತ್ತಿರ ಹೋಯಿತು. ಕೊನೆಗೆ ಕೈ ಹಿಡಿದದ್ದು ಮೂತ್ರ ಶುದ್ಧ ಮಾಡುವ ಕಾರ್ಟ್ರಿಜ್ ತೊಳೆಯುವ ದ್ರಾವಣ. ಅದರ ಅಳತೆ ಮಾತ್ರ ಇಲ್ಲಿ ಬರೆಯಲ್ಲ.

ಮಧ್ಯೆ ಇನ್ನೊಂದು ನೋಡಿದೆ. ಆರು ಏಲಕ್ಕಿ ಬಾಳೆಹಣ್ಣು ತಿಂದು ನನ್ನದೇ ಮೂತ್ರ ಹಾಕಿದೆ. ಡೋಪಮೀನ್ ಒಡೆದು ಬರುವ 3-ಮೆಥಾಕ್ಸಿಟೈರಮೀನ್ ಚೆನ್ನಾಗಿಯೇ ಏರಿತ್ತು. ಬಾಳೆಹಣ್ಣಿನಲ್ಲೇ ಡೋಪಮೀನ್ ಇದೆ. ಅವತ್ತಿನಿಂದ ಕ್ಯಾನ್ ಕೊಡುವಾಗಲೇ ಬಾಳೆಹಣ್ಣು ಬೇಡ ಅಂತೀನಿ.

ಈಗ ಆ ಹುಡುಗನ ವಿಷಯ. ವಯಸ್ಸು 26, ಎರಡೂ ಕಡೆ ಗೆಡ್ಡೆ. ನಾರ್‌ಮೆಟಾನೆಫ್ರಿನ್ ಹತ್ತು ಪಟ್ಟು ಜಾಸ್ತಿ. ಅಡ್ರಿನಲಿನ್ ಒಡೆದು ಬರುವ ಮೆಟಾನೆಫ್ರಿನ್ ನಾರ್ಮಲ್. ದೋಷ ಆರ್‌ಇಟಿ ಜೀನ್‌ನಲ್ಲಿ ಆಗಿದ್ದರೆ ಮೆಟಾನೆಫ್ರಿನ್ ಏರಲೇಬೇಕು, ಅಲ್ವಾ? ಎಸ್‌ಡಿಎಚ್‌ಬಿ ಜೀನ್ ಆಗಿದ್ದರೆ ಹೆಚ್ಚಾಗಿ ಏರುವ 3-ಮೆಥಾಕ್ಸಿಟೈರಮೀನ್ ಕೂಡ ಸುಮ್ನೆ ಕೂತಿತ್ತು. ಆಪರೇಷನ್ ಆದ ಮೇಲೆ ಮೇಣದಲ್ಲಿಟ್ಟ ಗೆಡ್ಡೆಯ ಬ್ಲಾಕ್‌ನಲ್ಲಿ ಎಸ್‌ಡಿಎಚ್‌ಬಿ ಪ್ರೋಟೀನಿಗೆ ಬಣ್ಣ ಹಿಡಿಸುವ ಸ್ಟೇನ್ ಮಾಡಿಸಿದೆ. ಬಣ್ಣ ಚೆನ್ನಾಗಿ ಉಳಿದಿತ್ತು, ಅಂದರೆ ಎಸ್‌ಡಿಎಚ್‌ಬಿ ಮೇಲೆ ಸಂಶಯ ಹೋಯಿತು. ನಾರ್‌ಮೆಟಾನೆಫ್ರಿನ್ ಒಂದೇ ಏರಿದರೆ ಉಳಿಯುವ ಮುಖ್ಯ ಸಂಶಯ ವಿಎಚ್‌ಎಲ್ ಜೀನ್, ಹಾಗಾಗಿ ಅದೊಂದನ್ನೇ ಓದಿಸಿ ಅಂದೆ. ಅದಕ್ಕಿರುವುದು ಮೂರೇ ಎಕ್ಸಾನ್ (ಪ್ರೋಟೀನಿನ ಸೂಚನೆ ಇರುವ ಜೀನ್ ತುಂಡು). ರಕ್ತದ ಡಿಎನ್‌ಎಯಲ್ಲಿ ಸ್ಯಾಂಗರ್ (ಡಿಎನ್‌ಎ ಅಕ್ಷರ ಅಕ್ಷರ ಓದುವ ವಿಧಾನ), ಆರೇಳು ಸಾವಿರದಲ್ಲಿ ಮುಗಿಯಿತು. ಮೂರನೇ ಎಕ್ಸಾನ್‌ನಲ್ಲಿ ಎರಡು ಪೀಕು ಒಂದರ ಮೇಲೊಂದು ನಿಂತಿದ್ದವು: ಜೀನ್‌ನ ಒಂದು ಪ್ರತಿ ಸರಿ, ಇನ್ನೊಂದರಲ್ಲಿ ಬದಲಾವಣೆ. ಆ ಪ್ರಿಂಟ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಈವರೆಗೆ ಹದಿಮೂರು ಸಲ ಹೀಗೆ ಹೇಳಿದ್ದೇನೆ, ಹತ್ತು ಸರಿ ಬಂದಿವೆ. ಒಂದರಲ್ಲಿ ಸ್ಟೇನ್ ಮಾಡಿಸದೆ ವಿಎಚ್‌ಎಲ್ ಅಂದಿದ್ದೆ, ಎಸ್‌ಡಿಎಚ್‌ಬಿ ಬಂತು. ಅದು ಬೇರೆ ಕಡೆ ಹರಡುವ ಜಾತಿ, ಅಲ್ಲಿ ತಪ್ಪಬಾರದಿತ್ತು. ಈಗ ಸ್ಟೇನ್ ಇಲ್ಲದೆ ಬಾಯಿ ಬಿಡಲ್ಲ.

ಹುಡುಗನ ತಂಗಿಗೂ ಅದೇ ಬದಲಾವಣೆ ಸಿಕ್ಕಿತು. ಜಾಗ ಗೊತ್ತಿದ್ದರಿಂದ ಅವಳಿಗೆ ಎರಡು ಸಾವಿರ ಸಾಕಾಯಿತು. ವಿಎಚ್‌ಎಲ್‌ನಲ್ಲಿ ಅಲ್ಲೂ ಗೆಡ್ಡೆ ಬರಬಹುದು ಅಂತ ಕಣ್ಣಿನ ಪರದೆ ನೋಡಿಸಿದೆವು, ಸ್ಕ್ಯಾನ್ ಆಯಿತು, ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಮ್ಮೆ ಅವಳ ಕ್ಯಾನ್ ಬರುತ್ತದೆ. ಮುಚ್ಚಳದ ಮೇಲೆ ಶುರು ಮಾಡಿದ ಹೊತ್ತನ್ನು ಅವಳೇ ಕನ್ನಡದಲ್ಲಿ ಬರೆದಿರುತ್ತಾಳೆ.