ಲೋಟಸ್ ಯುರೋಪಾ ಕಲಬುರಗಿಗೆ ತರುವುದು, ಎಂಜಿನ್ ಬದಲಿಸುವುದು

ಮಿಡ್-ಎಂಜಿನ್, ಅಂದರೆ ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ ಕೂತಿರುವ ಬ್ರಿಟಿಷ್ ಕಾರು ಎಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಲೋಟಸ್ ಎಲಿಸ್ ಮೇಲೆ. 1996ರ ಎಲಿಸನ್ನು ಇಲ್ಲಿಗೆ ತರುವ ಆಸೆ ಬಿಡಿ. ಬಳಸಿದ ಕಾರಾದರೆ ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. 50 ವರ್ಷ ದಾಟಿದ ವಿಂಟೇಜ್ ಕಾರುಗಳಿಗೆ ಮಾತ್ರ ನಿಯಮ ಬೇರೆ. 1966ರಿಂದ 1975ರವರೆಗೆ ತಯಾರಾದ ಯುರೋಪಾ ಒಳಗೆ ಬರುವುದು ಆ ಬಾಗಿಲಿನಿಂದ.

ಆದರೆ ಅದೇ ಬಾಗಿಲು ಎಂಜಿನ್ ಬದಲಾವಣೆಗೆ ಬೀಗ ಹಾಕುತ್ತದೆ. 2021ರ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಮಾರ್ಪಡಿಸಿರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ತೀರ್ಮಾನ ಆಗಬೇಕು. ರಸ್ತೆಗೆ ಇಳಿಸುವುದಾದರೆ ಕಾರಿನ ಜೊತೆ ಬಂದ ಜಾತಿಯ ರೆನೋ ಎಂಜಿನ್ನೇ ಇರಲಿ. ಬೇರೆ ಎಂಜಿನ್ ಬೇಕೆಂದರೆ ಕಾರು ಸ್ವಂತ ಜಾಗದಲ್ಲಿ, ಇಲ್ಲವೇ ಚೆನ್ನೈ, ಕೊಯಮತ್ತೂರಿನ ರೇಸ್ ಟ್ರ್ಯಾಕುಗಳಲ್ಲಿ ಮಾತ್ರ ಓಡಲಿ. ಅಲ್ಲಿಗೂ ಲಾರಿಯ ಮೇಲೆಯೇ ಹೋಗಲಿ. ನಡುವಿನ ದಾರಿ ಹುಡುಕುವವರಿಗೆ ಮೊದಲು ಕೈಕೊಡುವುದು ವಿಮೆ: ಆರ್‌ಸಿಯ ಎಂಜಿನ್ ನಂಬರ್ ತಾಳೆಯಾಗದ ಕಾರಿಗೆ ಕ್ಲೇಮ್ ಸಿಗುವುದು ಕಷ್ಟ.

ಕೊಳ್ಳುವಾಗ ಸೀರೀಸ್ 2 ಹುಡುಕಿ. ಮೊದಲ ಸೀರೀಸ್‌ನಲ್ಲಿ ಫೈಬರ್ ಬಾಡಿಯನ್ನು ಚಾಸಿಗೆ ಅಂಟಿಸಿಬಿಟ್ಟಿದ್ದಾರೆ, ಬೇರ್ಪಡಿಸುವುದು ನರಕ. ಅವುಗಳಲ್ಲಿ ಹೆಚ್ಚಿನವು ಎಡಗಡೆ ಸ್ಟೀರಿಂಗಿನವು ಕೂಡ. ಸೀರೀಸ್ 2ರಲ್ಲಿ ಬಾಡಿ ಬೋಲ್ಟಿನ ಮೇಲೆ ಕೂತಿದೆ, 1969ರಿಂದ ಬಲಗಡೆ ಸ್ಟೀರಿಂಗಿನವು ಸಿಗುತ್ತವೆ. ಬೆನ್ನೆಲುಬಿನಂಥ ಉಕ್ಕಿನ ಚಾಸಿಯ ಮುಂದಿನ ಅಡ್ಡ ಪೆಟ್ಟಿಗೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ ನೋಡಿ. ಇಂಗ್ಲೆಂಡಿನ ಚಳಿಗಾಲದ ರಸ್ತೆ ಉಪ್ಪು ಅದನ್ನು ಒಳಗಿನಿಂದ ತಿಂದಿರುತ್ತದೆ, ಹೊರಗೆ ಬಣ್ಣ ಮಾತ್ರ ಹೊಳೆಯುತ್ತದೆ. ಮೊದಲ ನೋಂದಣಿಯ ದಿನಾಂಕ ತೋರಿಸುವ ಬ್ರಿಟನ್ನಿನ ವಿ5ಸಿ ದಾಖಲೆ ಇಲ್ಲದ ಕಾರನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. 50 ವರ್ಷದ ಲೆಕ್ಕ ನಿಂತಿರುವುದೇ ಅದರ ಮೇಲೆ.

ಕಾರು 4 ಮೀಟರ್ ಉದ್ದ, 1.1 ಮೀಟರ್ ಎತ್ತರ. 20 ಅಡಿ ಕಂಟೇನರ್‌ನಲ್ಲಿ ಆರಾಮವಾಗಿ ಕೂಡುತ್ತದೆ. ಟ್ಯಾಂಕ್ ಬರಿದು ಮಾಡಿ, ಬ್ಯಾಟರಿ ಬಿಚ್ಚಿ ಕಳಿಸಲಿ. ಸುಂಕದ ಲೆಕ್ಕ ಕಾರಿನ ಬೆಲೆಗಷ್ಟೇ ಅಲ್ಲ, ಹಡಗಿನ ಬಾಡಿಗೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ತೆರಿಗೆಯೇ ಕಾರಿನ ಬೆಲೆಯನ್ನು ಮೀರುತ್ತದೆ ಎಂದುಕೊಂಡೇ ಹಣ ಇಟ್ಟುಕೊಳ್ಳಿ. ದರ ಬದಲಾಗುತ್ತಿರುತ್ತದೆ, ಹಣ ಕಳಿಸುವ ಮುನ್ನ ಕ್ಲಿಯರಿಂಗ್ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ಕಸ್ಟಮ್ಸ್‌ನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿಯ ಮೂಲ ಪ್ರತಿ ಜೋಪಾನ. ವಿಂಟೇಜ್ ನೋಂದಣಿಗೆ ಫಾರ್ಮ್ 20ರ ಜೊತೆ ಅದು, ವಿಮೆ, 20,000 ರೂಪಾಯಿ ಶುಲ್ಕ ಬೇಕು. ಸಿಗುವ ನಂಬರಿನಲ್ಲಿ ನಮ್ಮ ಕೆಎ-32 ಇರುವುದಿಲ್ಲ, ವಿಎ ಅಕ್ಷರ ಇರುತ್ತದೆ. ನೋಂದಣಿ 10 ವರ್ಷಕ್ಕೆ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆಂದು ಓಡಿಸಬಹುದು, ದಿನಾ ಸೂಪರ್ ಮಾರ್ಕೆಟ್‌ಗೆ ಹೋಗುವಂತಿಲ್ಲ. ಮುಂಬೈಯಿಂದ ಸೋಲಾಪುರದ ಮೇಲೆ ಲಾರಿಯಲ್ಲೇ ತನ್ನಿ. ನಮ್ಮ ಊರಿನ ರೋಡ್ ಹಂಪುಗಳು ಈ ಕಾರಿನ ಹೊಟ್ಟೆ ಕೆರೆಯುತ್ತವೆ.

ಈಗ ಬಿಚ್ಚುವ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಕೂಡಿಸಿಯೇ ಚೈನ್ ಬ್ಲಾಕಿನಿಂದ ಎತ್ತುವುದು ಸಲೀಸು. ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ಗಳನ್ನು ಗೇರ್‌ಬಾಕ್ಸಿಗೆ ಹಿಡಿದಿರುವುದು ರೋಲ್ ಪಿನ್ ಎಂಬ ಟೊಳ್ಳು ಉಕ್ಕಿನ ಕಡ್ಡಿ. ಸರಿಯಾದ ಅಳತೆಯ ಪಂಚ್‌ನಿಂದ ಹೊಡೆದು ತೆಗೆಯಿರಿ, ಜೋಡಿಸುವಾಗ ಹೊಸದನ್ನೇ ಹಾಕಿ. ಈ ಕಾರಿನಲ್ಲಿ ಡ್ರೈವ್‌ಶಾಫ್ಟೇ ಹಿಂದಿನ ಸಸ್ಪೆನ್ಷನ್ನಿನ ಮೇಲಿನ ಕೊಂಡಿ. ಅದನ್ನು ತೆಗೆದ ಕೂಡಲೇ ಚಕ್ರ ಒಳಕ್ಕೆ ಮಡಚುತ್ತದೆ. ಚಕ್ರದ ನಡುಭಾಗವಾದ ಹಬ್‌ಗೆ ಆಸರೆ ಕೊಡಿ, ಶಾಫ್ಟ್ ಇಲ್ಲದೆ ಕಾರನ್ನು ತಳ್ಳಬೇಡಿ. ತಿರುವಿನಲ್ಲಿ ಬರುವ ಅಡ್ಡಬಲವೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗ್ ಮೇಲೆ ಬೀಳುವುದರಿಂದ ಆ ಬೇರಿಂಗ್ ಹಳೆಯದಿದ್ದರೆ ಈಗಲೇ ಬದಲಿಸಿ.

ಮೂಲ ಜಾತಿಯ 1470 ಸಿಸಿ ಎಂಜಿನ್ ಅಲ್ಯೂಮಿನಿಯಂ ಬ್ಲಾಕಿನದು, ನೀರಿನಲ್ಲೇ ನಿಂತಿರುವ ಬಿಡಿ ಲೈನರ್‌ಗಳದು (ಪಿಸ್ಟನ್ ಓಡುವ ಕೊಳವೆಗಳು). ಹೆಡ್ ಬಿಚ್ಚಿದ ಮೇಲೆ ಲೈನರ್‌ಗಳಿಗೆ ಪಟ್ಟಿ ಬಿಗಿಯದೆ ಕ್ರ್ಯಾಂಕ್ ತಿರುಗಿಸಿದರೆ ಅವು ಮೇಲೇಳುತ್ತವೆ, ಕೆಳಗಿನ ಸೀಲ್ ಹೋಗಿ ನೀರು ಆಯಿಲ್‌ಗೆ ಇಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಮಾತ್ರ ಬದಲಿಸಲು ಹೋಗಿ ಇಡೀ ಎಂಜಿನ್ ಬಿಚ್ಚುವಂತಾಗುವುದು ಹೀಗೆಯೇ.

ಬದಲಿ ಗೇರ್‌ಬಾಕ್ಸನ್ನು ಮುಂಚಕ್ರ ಎಳೆಯುವ ರೆನೋ 16ರಿಂದ ತಂದರೆ ಇನ್ನೊಂದು ಬಲೆ ಇದೆ. ಯುರೋಪಾದಲ್ಲಿ ಎಂಜಿನ್, ಗೇರ್‌ಬಾಕ್ಸ್ ಹಿಂದುಮುಂದಾಗಿ ಕೂತಿರುವುದರಿಂದ ಒಳಗಿನ ದೊಡ್ಡ ಹಲ್ಲುಗಾಲಿ ಕ್ರೌನ್‌ವೀಲನ್ನು ಅದನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ ಪಿನಿಯನ್ನಿನ ಆಚೆ ಬದಿಗೆ ಹಾಕಿ, ಹಲ್ಲುಗಳ ನಡುವಿನ ಸಡಿಲವಾದ ಬ್ಯಾಕ್‌ಲ್ಯಾಶನ್ನು ಡಯಲ್ ಗೇಜಿನಿಂದ ಹೊಸದಾಗಿ ಹೊಂದಿಸಬೇಕು. ಮರೆತರೆ ನಾಲ್ಕು ಗೇರ್ ಹಿಂದಕ್ಕೆ, ಒಂದು ಮುಂದಕ್ಕೆ.

ಟ್ರ್ಯಾಕಿಗೆ ಮಾತ್ರ ಎಂದಾದರೆ ನಮ್ಮಲ್ಲಿ ಸುಲಭಕ್ಕೆ ಸಿಗುವುದು ರೆನೋದ ಮೊದಲ ಡಸ್ಟರ್ ಕಾರಿನ 1598 ಸಿಸಿ ಪೆಟ್ರೋಲ್ ಎಂಜಿನ್, ಕೆ4ಎಂ. ಹೈದರಾಬಾದಿನ ಗುಜರಿಯಲ್ಲಿ ಕೊಳ್ಳುವಾಗ ಬಿಲ್ ಪಡೆಯಿರಿ. ಫ್ಲೈವೀಲ್, ವೈರಿಂಗ್, ಸೆನ್ಸರ್ ಎಲ್ಲ ಜೊತೆಗೇ ಬರಲಿ, ಏಕೆಂದರೆ ಕ್ರ್ಯಾಂಕ್ ಸೆನ್ಸರ್ ಓದುವುದು ಆ ಫ್ಲೈವೀಲಿನ ಅಂಚನ್ನೇ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಮೂಲ ಇಸಿಯು, ಕಾರಿನ ಕೀಲಿಗೆ ಕಟ್ಟಿಕೊಂಡಿದೆ. ಅದರ ಜೊತೆ ಗುದ್ದಾಡುವ ಬದಲು ಬಿಡಿ ಇಸಿಯು ಹಾಕುವುದೇ ಜಾಣತನ. ಎಂಜಿನ್ ಎತ್ತರವನ್ನು ರಟ್ಟಿನ ಅಚ್ಚು ಮಾಡಿ ಮುಚ್ಚಳದ ಕೆಳಗೆ ಮೊದಲೇ ಅಳೆಯಿರಿ.

ಈ ಎಂಜಿನ್ನಿನ ಬೋಲ್ಟ್ ತೂತುಗಳು ಗೇರ್‌ಬಾಕ್ಸಿಗೆ ಹೊಂದುವುದಿಲ್ಲ, ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಕಪನೂರ ಇಂಡಸ್ಟ್ರಿಯಲ್ ಏರಿಯಾದಂಥ ಕಡೆ ಲೇತ್, ಮಿಲ್ಲಿಂಗ್ ಕೆಲಸದವರು ಸಿಗುತ್ತಾರೆ. 6061 ಅಲ್ಯೂಮಿನಿಯಂ ತಟ್ಟೆ ಕೊಡಿ, ಜಾಗ ಕದಲದಂತೆ ಹಿಡಿಯುವ ಎರಡು ಡೋವೆಲ್ ಪಿನ್ ಕಡ್ಡಾಯ. ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ ಒಂದು ಸುತ್ತು ತಿರುಗಿಸಿದಾಗ ಗೇರ್‌ಬಾಕ್ಸಿನ ನಡುತೂತಿನಲ್ಲಿ ಗೇಜ್ ತೋರಿಸುವ ಏರುಪೇರು 0.13 ಮಿಮೀ ಒಳಗೇ ಇರಬೇಕು. ಮೀರಿದರೆ ಕ್ಲಚ್ ನಡುಗುತ್ತದೆ, ಇನ್‌ಪುಟ್ ಬೇರಿಂಗ್ ಬೇಗ ಸಾಯುತ್ತದೆ. ಇನ್‌ಪುಟ್ ಶಾಫ್ಟಿನ ತುದಿಗೆ ಜೇಡಿಮಣ್ಣು ಮೆತ್ತಿ ಜೋಡಿಸಿ ಬಿಚ್ಚಿ. ಕ್ರ್ಯಾಂಕಿನಿಂದ 2–3 ಮಿಮೀ ಸಂದು ಉಳಿದಿರಬೇಕು. ಸ್ಟಾರ್ಟರ್ ಹಲ್ಲು ಯಾವ ರಿಂಗ್ ಗೇರಿಗೆ ಕಚ್ಚುತ್ತದೆ ಎಂಬುದನ್ನು ಪ್ಲೇಟ್ ಕೊರೆಯುವ ಮುನ್ನವೇ ನೋಡಿ. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಪೈಪು ಇಂಜೆಕ್ಷನ್ ಎಂಜಿನ್ನಿನ 3.5 ಬಾರ್ ಒತ್ತಡ ತಡೆಯುವುದಿಲ್ಲ. ಇಂಜೆಕ್ಷನ್ ಹೋಸ್, ಇಂಜೆಕ್ಷನ್ ಕ್ಲಿಪ್ಪುಗಳನ್ನೇ ಹಾಕಿ. ಫೈಬರ್ ಬಾಡಿಗೆ ಬೆಂಕಿ ಹತ್ತಿದರೆ ನೀರು ತರುವಷ್ಟರಲ್ಲಿ ಚಾಸಿ ಮಾತ್ರ ಉಳಿದಿರುತ್ತದೆ.

ಯಾವ ಎಂಜಿನ್ ಇದ್ದರೂ ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಎಥೆನಾಲ್ ತಡೆಯುವ ವಿಟಾನ್ ರಬ್ಬರ್ ಪದರದ ಹೋಸ್ ಹಾಕಿ, ಕಾರ್ಬ್ಯುರೇಟರ್ ಆದರೆ ಇಂಧನವನ್ನು ಶೇ 8ರಷ್ಟು ಹೆಚ್ಚಿಸುವ ಜೆಟ್ ಬೇಕು. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬೆನ್ನ ಹಿಂದೆ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಹೆಡ್ ಸೊಟ್ಟಗಾಗಲು ಹತ್ತು ನಿಮಿಷ ಸಾಕು. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿ ಇರುವಂತೆ ಕಾರನ್ನು ಜಾಕ್ ಮೇಲೆ ಎತ್ತಿ ತುಂಬಿ. ಸೇಡಂ, ಶಹಾಬಾದ್ ಕಡೆಯ ಸುಣ್ಣಕಲ್ಲಿನ ಬೋರ್ ನೀರು ಬೇಡ. ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಪಾಲು ಕೂಲಂಟ್ ಬೆರೆಸಿ. ತೊಗರಿ ರಾಶಿ ಮಾಡುವ ಕಾಲದಲ್ಲಿ ಏರ್ ಫಿಲ್ಟರನ್ನು ವಾರಕ್ಕೊಮ್ಮೆ ತೆಗೆದು ನೋಡಿ.

ಮೊದಲ ಸ್ಟಾರ್ಟಿಗೆ ಮುನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಒತ್ತಡ ಗೇಜಿನಲ್ಲಿ ಏರುವವರೆಗೆ ಸ್ಟಾರ್ಟರಿನಿಂದಲೇ ತಿರುಗಿಸಿ. 50 ಕಿಮೀ ಆದ ಮೇಲೆ ಎಂಜಿನ್ ಮೌಂಟ್, ಪ್ಲೇಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ. ರೋಲ್ ಪಿನ್ ಕಿಂಚಿತ್ ಸರಿದಿದ್ದರೂ ಕಾರನ್ನು ಅಲ್ಲೇ ನಿಲ್ಲಿಸಿ.