ಆಮ್ಲಕ್ಕೆ ಹಾಕುವ ಮೊದಲೇ ಬಸಿಯುವುದು: ಸಿಲಿಕಾನ್ ಹರಳು ತೆಗೆದ ನನ್ನ ಅನುಭವ

ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕರಗಿಸಿ ಹರಳು ತೆಗೆಯುವವರಲ್ಲಿ ಹೆಚ್ಚಿನವರು ಇಡೀ ಗಟ್ಟಿ ತಣ್ಣಗಾದ ಮೇಲೆ ಅದನ್ನು ಆಮ್ಲದಲ್ಲಿ ಮುಳುಗಿಸಿ ಕಾಯುತ್ತಾರೆ. ಯೂಟೆಕ್ಟಿಕ್ (ಹರಳು ಬೇರ್ಪಟ್ಟ ಮೇಲೆ ಉಳಿದು, 577 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಗಟ್ಟಿಯಾಗುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಣ) ಹೆಪ್ಪುಗಟ್ಟುವ ಮೊದಲೇ ಉಳಿದ ದ್ರವವನ್ನು ಬಸಿದುಬಿಟ್ಟರೆ ಹರಳುಗಳು ಮೂಸೆಯಲ್ಲೇ ನಿಲ್ಲುತ್ತವೆ ಎಂದು ನಾನು ಹೇಳಿದಾಗ ಈ ಹವ್ಯಾಸದಲ್ಲಿ ನನಗಿಂತ ಹಳಬರು ಒಪ್ಪಲಿಲ್ಲ. ಅವರ ಸಂಶಯಕ್ಕೆ ಆಧಾರವೂ ಇತ್ತು: ಘನ ಸಿಲಿಕಾನ್‌ನ ಸಾಂದ್ರತೆ 2.33, ಕರಗಿದ ಅಲ್ಯೂಮಿನಿಯಂನದ್ದು ಸುಮಾರು 2.37, ಇಷ್ಟು ಕಡಿಮೆ ಅಂತರವಿರುವಾಗ ಹರಳು ಮುಳುಗಿ ತಳ ಸೇರುವುದಿಲ್ಲ, ಸುರಿದರೆ ದ್ರವದೊಂದಿಗೇ ಹೊರಟುಹೋಗುತ್ತದೆ ಎಂಬುದು ಅವರ ವಾದ. ಈಗ ನನ್ನ ಸಂಗ್ರಹದಲ್ಲಿ ಹೆಬ್ಬೆರಳಿನ ಉಗುರಿಗಿಂತ ಅಗಲವಾದ, ಅಂಚು ಮುಕ್ಕಾಗದ ಹಲಗೆಯಾಕಾರದ ಹರಳುಗಳಿವೆ. ಅವೆಲ್ಲವೂ ಬಸಿದು ತೆಗೆದವು.

ನಾನು ಹಳೆಯ ದಾರಿಯನ್ನು ಬಿಟ್ಟಿದ್ದಕ್ಕೆ ಮುಖ್ಯ ಕಾರಣ ಖರ್ಚು. ಶೇಕಡಾ 25 ಸಿಲಿಕಾನ್ ಇರುವ ಒಂದು ಕಿಲೋ ಮಿಶ್ರಲೋಹವನ್ನೇ ತೆಗೆದುಕೊಳ್ಳೋಣ. ಅದು 577 ಡಿಗ್ರಿಗೆ ಇಳಿಯುವಷ್ಟರಲ್ಲಿ ದ್ರವದಲ್ಲಿ ಶೇಕಡಾ 12.6ರಷ್ಟು ಸಿಲಿಕಾನ್ ಮಾತ್ರ ಉಳಿದಿರುತ್ತದೆ. ಹಾಗಾಗಿ ನೋಡುವಂಥ ಹರಳಾಗಿ ಬೇರ್ಪಡುವುದು ಸುಮಾರು 140 ಗ್ರಾಂ. ಮಿಕ್ಕ 110 ಗ್ರಾಂ ಯೂಟೆಕ್ಟಿಕ್‌ನೊಳಗೆ ಕೂದಲೆಳೆಯ ಚೂರುಗಳಾಗಿ ಸೇರಿ, ಆಮ್ಲದಿಂದ ಹೊರಬಂದಾಗ ಕಪ್ಪು ಮಡ್ಡಿಯಾಗಿ ಒಳ್ಳೆಯ ಹರಳುಗಳ ಮುಖಕ್ಕೇ ಅಂಟಿಕೊಳ್ಳುತ್ತದೆ. ಈ 140 ಗ್ರಾಂಗಾಗಿ 750 ಗ್ರಾಂ ಅಲ್ಯೂಮಿನಿಯಂ ಅನ್ನು ಕರಗಿಸಿಬಿಡಬೇಕು, ಅದಕ್ಕೆ ಶೇಕಡಾ 30ರ ಹೈಡ್ರೋಕ್ಲೋರಿಕ್ ಆಮ್ಲ ಎಂಟು ಲೀಟರ್‌ಗೂ ಮೀರಿ ಬೇಕು. ಬಳಸಿದ ಆಮ್ಲವನ್ನು ಸುಣ್ಣ ಹಾಕಿ ತಟಸ್ಥಗೊಳಿಸಿ ವಿಲೇವಾರಿ ಮಾಡುವ ಖರ್ಚು ಬೇರೆ. ನನ್ನ ನೆನಪಿನ ಲೆಕ್ಕದಲ್ಲಿ ಆಮ್ಲ ಮತ್ತು ಸುಣ್ಣದ ವೆಚ್ಚ ಎರಡೂ ಲೋಹಗಳ ಬೆಲೆಯನ್ನು ಸೇರಿಸಿದರೂ ಅದಕ್ಕಿಂತ ಹೆಚ್ಚಾಗುತ್ತಿತ್ತು. ಬಸಿಯುವ ವಿಧಾನದಲ್ಲಿ ಹರಳುಗಳ ಮೇಲೆ ಉಳಿಯುವ ತೆಳುವಾದ ಲೋಹದ ಪದರವನ್ನಷ್ಟೇ ತೆಗೆಯಬೇಕಾದ್ದರಿಂದ ಆಮ್ಲದ ಖರ್ಚು ಐದರಲ್ಲೊಂದು ಭಾಗಕ್ಕೆ ಇಳಿಯಿತು.

ಕಚ್ಚಾವಸ್ತುವಿನ ವಿಷಯದಲ್ಲಿ ರಾಜಿ ಸಲ್ಲದು. ಪಿಸ್ಟನ್ ಗುಜರಿಯಲ್ಲಿ ಸಿಲಿಕಾನ್ ಮೊದಲೇ ಇರುತ್ತದೆಂದು ಕೆಲವರು ಅದನ್ನು ಬಳಸುತ್ತಾರೆ. ಆದರೆ ಎರಕದವರು ಹರಳು ಸಣ್ಣದಾಗಲೆಂದೇ ಅದಕ್ಕೆ ರಂಜಕ ಸೇರಿಸಿರುತ್ತಾರೆ, ನಮಗೆ ಬೇಕಾದ್ದು ಅದರ ವಿರುದ್ಧ. ಮೆಗ್ನೀಸಿಯಂ ಇರುವ ಲೋಹವಾದರೆ ಆಮ್ಲದಲ್ಲಿ ಸಿಲೇನ್ ಅನಿಲ ಹುಟ್ಟಿ, ಗುಳ್ಳೆಗಳು ಮೇಲೆ ಬಂದೊಡನೆ ಚಟಪಟನೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಹೈಡ್ರೋಜನ್ ಧಾರಾಳವಾಗಿ ಬರುವ ಪಾತ್ರೆಯ ಮೇಲೆ ಆ ಕಿಡಿಗಳನ್ನು ಕಂಡವರಾರೂ ಮತ್ತೆ ಗುಜರಿಯ ತಂಟೆಗೆ ಹೋಗುವುದಿಲ್ಲ. ಉಕ್ಕಿನ ಪಾತ್ರೆಯೂ ಆಗದು. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ತಿನ್ನುತ್ತದೆ, ಆ ಕಬ್ಬಿಣ ಸೂಜಿಯಾಕಾರದ ಬೇರೊಂದು ಸಂಯುಕ್ತವಾಗಿ ಹರಳುಗಳ ನಡುವೆ ತೂರಿಕೊಳ್ಳುತ್ತದೆ. ನಾನು ಬಳಸುವುದು ವಿದ್ಯುತ್ ತಂತಿಯ ಅಲ್ಯೂಮಿನಿಯಂ, ಮಣ್ಣು ಮತ್ತು ಗ್ರಾಫೈಟ್ ಬೆರೆತ ಮೂಸೆ, ಬಟಾಣಿ ಗಾತ್ರಕ್ಕೆ ಒಡೆದ ಸಿಲಿಕಾನ್. ಪುಡಿ ಮಾಡಿದರೆ ಬೇಗ ಕರಗುತ್ತದೆಂಬುದು ತಪ್ಪು ಎಣಿಕೆ. ಪುಡಿಯ ಪ್ರತಿ ಕಣಕ್ಕೂ ಆಕ್ಸೈಡ್‌ನ ಹೊದಿಕೆ ಇರುವುದರಿಂದ ಅದು ಮೇಲೆ ಕಿಟ್ಟವಾಗಿ ತೇಲುತ್ತದೆ.

ನಿಜವಾದ ಕೆಲಸವಿರುವುದು ತಣಿಸುವುದರಲ್ಲಿ. ಶೇಕಡಾ 25ರ ಕರಗಿನಲ್ಲಿ ಮೊದಲ ಹರಳು ಸುಮಾರು 760 ಡಿಗ್ರಿಯಲ್ಲಿ ಮೂಡುತ್ತದೆ. ನಾನು 900ರ ಹತ್ತಿರ ಎಲ್ಲವನ್ನೂ ಕರಗಿಸಿ, 800ಕ್ಕೆ ಇಳಿಸಿ, ಅಲ್ಲಿಂದ ಗಂಟೆಗೆ ಸುಮಾರು ಹತ್ತು ಡಿಗ್ರಿಯಂತೆ 600ರವರೆಗೆ ಬರುತ್ತೇನೆ. ಕುಲುಮೆ ಒಂದು ಹಗಲು ರಾತ್ರಿ ಉರಿಯುವುದರಿಂದ ವಿದ್ಯುತ್ ಖರ್ಚು ಕಡಿಮೆಯೇನಲ್ಲ. ಮೂಸೆ ಎಲ್ಲ ಕಡೆಯಿಂದಲೂ ಸಮವಾಗಿ ತಣಿದಾಗ ಹಳಬರು ಹೇಳಿದಂತೆಯೇ ಆಯಿತು: ಹರಳುಗಳು ದ್ರವದ ನಡುವೆ ಬಿಡಿಬಿಡಿಯಾಗಿ ಬೆಳೆದು ಸುರಿಯುವಾಗ ಹೊರಟುಹೋದವು. ಮೂಸೆಯ ತಳ ಮೇಲ್ಭಾಗಕ್ಕಿಂತ ತುಸು ತಂಪಾಗಿರುವಂತೆ ಮಾಡಿದ ಮೇಲೆ ಚಿತ್ರ ಬದಲಾಯಿತು. ಹರಳುಗಳು ತಳಕ್ಕೆ ಕಚ್ಚಿಕೊಂಡು, ಒಂದರೊಳಗೊಂದು ಹೆಣೆದುಕೊಂಡು ಮೇಲೇಳುತ್ತವೆ. ದ್ರವ ಆ ಹೆಣಿಗೆಯ ಸಂದುಗಳಿಂದ ಹರಿದುಹೋಗುತ್ತದೆ. ಎಷ್ಟು ಡಿಗ್ರಿ ವ್ಯತ್ಯಾಸ ಇಡುತ್ತೇನೆ, ತಳವನ್ನು ಯಾವುದರಿಂದ ತಂಪಾಗಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಹಿಡಿತವಿರುವವರಿಗೆ ಒಂದೆರಡು ಕರಗಿನಲ್ಲಿ ಅದು ತಾನಾಗಿ ತಿಳಿಯುತ್ತದೆ. ತಾಪ ಅಳೆಯುವ ಥರ್ಮೋಕಪಲ್ ತಪ್ಪು ತೋರಿಸಿ 577ರ ಕೆಳಗಿಳಿದರೆ ಬಸಿಯಲು ಏನೂ ಉಳಿಯುವುದಿಲ್ಲ, ಆದ್ದರಿಂದ 600ರಲ್ಲೇ ನಿಲ್ಲುವುದು ಲೇಸು.

ಬಸಿದ ಮೇಲೆ ಹರಳಿನ ಗೊಂಚಲು ನಿಧಾನವಾಗಿ ತಣಿಯಲಿ, ಸಿಲಿಕಾನ್ ಬಹಳ ಸುಲಭವಾಗಿ ಬಿರಿದು ಒಡೆಯುತ್ತದೆ. ಅನಂತರ ಶೇಕಡಾ ಹತ್ತರ ಆಮ್ಲದಲ್ಲಿ, ಬಯಲಿನಲ್ಲಿ, ಮೂರ್ನಾಲ್ಕು ದಿನ ಇಟ್ಟರೆ ಸಾಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಇನ್ನೂ ಬೇಗ ತಿನ್ನುತ್ತದೆ ನಿಜ, ಆದರೆ ಅದು ಸಿಲಿಕಾನ್ ಅನ್ನೂ ತಿನ್ನುತ್ತದೆ, ಕನ್ನಡಿಯಂಥ ಮುಖಗಳು ಮಂಕಾಗುತ್ತವೆ. ಅಂಟಿದ ಕಪ್ಪು ಮಡ್ಡಿಯನ್ನು ತೆಗೆಯಲು ತೀರಾ ದುರ್ಬಲ ದ್ರಾವಣದಲ್ಲಿ ಕೆಲವೇ ಕ್ಷಣ ಅದ್ದಿ ನೋಡಿದ್ದೇನೆ. ಮಡ್ಡಿ ಹೋಗುತ್ತದೆ, ಹೊಳಪೂ ಸ್ವಲ್ಪ ಹೋಗುತ್ತದೆ. ಮೃದುವಾದ ಬ್ರಷ್ಷೇ ವಾಸಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬೆಸುಗೆ ಕಡ್ಡಿಯಿಂದ ಕಾಯಿಸಿದ ಮೊನೆಯನ್ನು ಹರಳಿನ ಒಂದು ಕಡೆಗೂ ತಣ್ಣನೆಯ ಮೊನೆಯನ್ನು ಇನ್ನೊಂದು ಕಡೆಗೂ ಇಟ್ಟು ಮಲ್ಟಿಮೀಟರ್ ನೋಡಿದರೆ ಬಿಸಿ ಮೊನೆ ಋಣವಾಗಿ ನಿಲ್ಲುತ್ತದೆ. ಅಂದರೆ ಹರಳು ಪಿ-ಮಾದರಿಯದು, ಧನ ವಿದ್ಯುದಂಶಗಳೇ ಹೆಚ್ಚಾಗಿ ವಿದ್ಯುತ್ ಸಾಗಿಸುವ ಅರೆವಾಹಕ. ಒಳಗೆ ಉಳಿದ ಅಲ್ಯೂಮಿನಿಯಂನ ಲಕ್ಷಣವದು. 1854ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ದವಿಲ್ ಮೊದಲ ಬಾರಿಗೆ ಹರಳುರೂಪದ ಸಿಲಿಕಾನ್ ಪಡೆದಾಗ ಅಳೆಯಲು ಇಂಥ ಉಪಕರಣವಿರಲಿಲ್ಲ, ನಮಗಿದೆ, ಬಳಸಬೇಕು. ಸಂಗ್ರಹಕ್ಕೆ ಕೊಳ್ಳುವ ತುಂಡುಗಳನ್ನೂ ನಾನು ಹೀಗೆ ಪರೀಕ್ಷಿಸುತ್ತೇನೆ. ಕುಲುಮೆಯ ಸಿಲಿಕಾನ್ ಅನ್ನು ನಿಸರ್ಗದ ಖನಿಜವೆಂದು ಮಾರುವವರಿದ್ದಾರೆ. ನಿಸರ್ಗದಲ್ಲಿ ಶುದ್ಧ ಸಿಲಿಕಾನ್ ಕಣಗಾತ್ರದಲ್ಲಿ ಸಿಗುವುದೇ ಅಪರೂಪ, ಹಿಡಿಗಾತ್ರದ್ದಕ್ಕೆ ಹೆಚ್ಚಿನ ಹಣ ಕೊಡಬೇಡಿ.

ಬಸಿದ ದ್ರವವನ್ನು ಎಸೆಯುವುದಿಲ್ಲ. ಅದರಲ್ಲಿ ಸಿಲಿಕಾನ್ ಸುಮಾರು ಶೇಕಡಾ 14 ಇರುವುದರಿಂದ, ಕೊರತೆಯಷ್ಟು ಹೊಸ ಸಿಲಿಕಾನ್ ಸೇರಿಸಿ ಮುಂದಿನ ಕರಗಿಗೆ ಬಳಸುತ್ತೇನೆ. ಸಿಲಿಕಾನ್‌ನಲ್ಲಿದ್ದ ಕಬ್ಬಿಣ ಪ್ರತಿ ಸಲವೂ ದ್ರವದಲ್ಲೇ ಉಳಿದು ಹೆಚ್ಚುತ್ತ ಹೋಗುತ್ತದೆ. ಹರಳುಗಳ ನಡುವೆ ಸೂಜಿಗಳು ಕಾಣತೊಡಗಿದಾಗ ಆ ಲೋಹವನ್ನು ಗುಜರಿಗೆ ಮಾರಿ ಹೊಸ ತಂತಿಯಿಂದ ಆರಂಭಿಸುತ್ತೇನೆ.